ಮೂವತ್ತರ ಬಳಿಕ ನರ್ಸಿಂಗ್ ಕಲಿಯುವಿರಾ?



ಶಾಲೆಯಲ್ಲಿ ಪಾಠ ಹೇಳುತ್ತಲೋ ಮನೆಯಲ್ಲಿ ಬಟ್ಟೆ ಹೊಲಿಯುತ್ತಲೋ ವರ್ಷಗಳು ಕಳೆದ ಮೇಲೆ ನರ್ಸಿಂಗ್ ಕಲಿಯುವ ಹಂಬಲ ನಿಮ್ಮಲ್ಲಿ ಮೂಡಿರಬಹುದು. "ಈ ವಯಸ್ಸಿನಲ್ಲಿ ಇದೆಲ್ಲ ಏಕೆ?" ಎಂಬ ಮಾತೂ ಕಿವಿಗೆ ಬಿದ್ದಿರಬಹುದು. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಮದೀನಾದಲ್ಲಿ ರುಫೈದಾ(ರ)ರ ಡೇರೆಯಲ್ಲೇ ಇರಿಸಲಾಗಿತ್ತು. ರೋಗಿಗಳ ಆರೈಕೆ ನಮ್ಮ ಮಹಿಳೆಯರಿಗೆ ಹೊಸತೇನಲ್ಲ.

ಆದರೆ ಹಂಬಲವೊಂದೇ ಸಾಲದು. ಮೊದಲು ವಯಸ್ಸು ನೋಡಿಕೊಳ್ಳಿ. ಮೂರು ವರ್ಷಗಳ ಜಿಎನ್‌ಎಂ ಡಿಪ್ಲೊಮಾಕ್ಕೆ ಸೇರಲು 17ರಿಂದ 35 ವರ್ಷದೊಳಗಿರಬೇಕು. ನಿಮಗೆ 33 ಆಗಿದ್ದರೆ "ಮುಂದಿನ ವರ್ಷ ನೋಡೋಣ" ಎನ್ನಲು ಸಮಯವಿಲ್ಲ. ಪಿಯುಸಿಯಲ್ಲಿ ಕಲೆ ಅಥವಾ ವಾಣಿಜ್ಯ ಓದಿದವರೂ ಇದಕ್ಕೆ ಅರ್ಹರು, ಒಟ್ಟು ಶೇ. 40 ಅಂಕವಿರಬೇಕು, ಇಂಗ್ಲಿಷ್‌ನಲ್ಲಿ ಪಾಸಾಗಿರಬೇಕು. ಬಿ.ಎಸ್ಸಿ. ನರ್ಸಿಂಗ್‌ಗಾದರೆ ವಿಜ್ಞಾನ ಓದಿರಲೇಬೇಕು. ಮದುವೆಯಾಗಿ ಪಿಯುಸಿ ಅರ್ಧಕ್ಕೆ ನಿಂತಿದ್ದರೆ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ 12ನೇ ತರಗತಿ ಮುಗಿಸಬಹುದು.

ಸಂದರ್ಶನವಿದ್ದರೆ "ಸೇವೆ ಮಾಡುವ ಆಸೆ" ಎಂದಷ್ಟೇ ಹೇಳಬೇಡಿ. ಎಲ್ಲರೂ ಹೇಳುವುದು ಅದನ್ನೇ. ಕಳೆದ ವರ್ಷಗಳನ್ನು ಮುಚ್ಚಿಡಲೂ ಬೇಡಿ, ನಿಮ್ಮ ಬಲ ಇರುವುದೇ ಅಲ್ಲಿ. ಸಕ್ಕರೆ ಕಾಯಿಲೆಯ ಅತ್ತೆಗೆ ಹೊತ್ತು ತಪ್ಪದೆ ಇನ್ಸುಲಿನ್ ಕೊಟ್ಟಿದ್ದೀರಾ? ಹಾಸಿಗೆ ಹಿಡಿದವರ ಮೈ ಒರೆಸಿ, ಮಗ್ಗುಲು ಬದಲಿಸಿದ್ದೀರಾ? ನಲವತ್ತು ಮಕ್ಕಳ ತರಗತಿಯನ್ನು ಸಂಭಾಳಿಸಿದ್ದೀರಾ? ಅದನ್ನೇ ವಿವರವಾಗಿ ಹೇಳಿ. ದುಡಿದ ಕಡೆಯಿಂದ ಅನುಭವದ ಪತ್ರ ಪಡೆಯಿರಿ. ರೆಡ್‌ಕ್ರಾಸ್‌ನ ಪ್ರಥಮ ಚಿಕಿತ್ಸೆ ತರಬೇತಿ ಪಡೆದರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ಸಾಧ್ಯವಾದರೆ ಕೆಲವು ದಿನ ಹತ್ತಿರದ ಆಸ್ಪತ್ರೆಯಲ್ಲಿ ಅನುಮತಿ ಪಡೆದು ಕೆಲಸ ನೋಡಿ. ರಕ್ತ, ಕೀವು, ಅಳು ಇವನ್ನು ಸಹಿಸಬಲ್ಲೆನೇ ಎಂಬುದು ಶುಲ್ಕ ಕಟ್ಟುವ ಮುನ್ನವೇ ತಿಳಿಯುವುದು ಒಳ್ಳೆಯದು.

ಶುಲ್ಕ ಕಟ್ಟುವ ಮೊದಲು ಇನ್ನೂ ಎರಡು ಕೆಲಸಗಳಿವೆ. ಕಾಲೇಜಿಗೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಪರಿಷತ್ತಿನಲ್ಲೇ ವಿಚಾರಿಸಿ. ಏಜೆಂಟರ ಮಾತನ್ನು ನಂಬಬೇಡಿ. ಮಾನ್ಯತೆ ಇಲ್ಲದಿದ್ದರೆ ಮುಂದೆ ನೋಂದಣಿ ಸಿಗದೆ ದುಡ್ಡೂ ವರ್ಷಗಳೂ ವ್ಯರ್ಥ. ತಲೆವಸ್ತ್ರ, ಸಮವಸ್ತ್ರದ ನಿಯಮಗಳನ್ನೂ ಕೇಳಿಕೊಳ್ಳಿ.

ಎರಡನೆಯದು ಮನೆಯವರ ಜೊತೆ ಮಾತು. ತರಬೇತಿಯಲ್ಲಿ ರಾತ್ರಿ ಪಾಳಿ ಇರುತ್ತದೆ. ಆ ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳುವವರು ಯಾರೆಂದು ಪತಿಯೊಂದಿಗೆ, ಅತ್ತೆಯೊಂದಿಗೆ ಈಗಲೇ ಕುಳಿತು ತೀರ್ಮಾನಿಸಿ. ಅರ್ಜಿಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಆದರೆ ಮೂರು ವರ್ಷ ನಿಮ್ಮನ್ನು ನಿಲ್ಲಿಸುವುದು ಈ ಒಪ್ಪಂದವೇ. ಅಲ್ಲಾಹನು ನಿಮ್ಮ ದಾರಿಯನ್ನು ಸುಗಮಗೊಳಿಸಲಿ.