ನೆಲ ಬಿರಿದು ಅರಳುವ ನೆಲಸಂಪಿಗೆ

ಬಹಳ ವರುಷಗಳ ಹಿಂದೆ ನಾನು ಮಾಡಿದ ಒಂದು ತಪ್ಪಿನಿಂದಲೇ ಈ ತಿಂಗಳ ಬರಹವನ್ನು ಆರಂಭಿಸುತ್ತೇನೆ. ನಮ್ಮ ಅತ್ತೆಯವರು ತೀರ್ಥಹಳ್ಳಿಯ ಕಡೆಯ ತಮ್ಮ ತವರಿನಿಂದ ನೆಲಸಂಪಿಗೆಯ ಗಡ್ಡೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ದಾವಣಗೆರೆಯ ನಮ್ಮ ಮನೆಗೆ ತಂದಿದ್ದರು. ಮಳೆಗಾಲವಿಡೀ ಅದು ಕುಂಡದಲ್ಲಿ ಸೊಂಪಾಗಿ ಎಲೆಬಿಟ್ಟಿತು. ಕಾರ್ತಿಕ ಕಳೆಯುತ್ತಲೇ ಎಲೆಗಳು ಹಳದಿಗೆ ತಿರುಗಿ ಮಣ್ಣಿಗೆ ಒರಗಿದವು. ನೀರು ಸಾಲದೇನೋ ಎಂದು ನಾನು ದಿನವೂ ಎರಡು ತಂಬಿಗೆ ಹೊಯ್ದೆ. ಸಂಕ್ರಾಂತಿ ಕಳೆದರೂ ಚಿಗುರಿನ ಸುಳಿವಿಲ್ಲ. ಸತ್ತಿತೆಂದು ಬಗೆದು ಕುಂಡವನ್ನು ತಿಪ್ಪೆಗೆ ಸುರಿದೆ. ಊರಿನಿಂದ ಮರಳಿದ ಅತ್ತೆಯವರು ತಿಪ್ಪೆಯನ್ನು ಕೆದಕಿ, ಕೊಳೆತ ಗಡ್ಡೆಗಳ ನಡುವೆ ಹೆಬ್ಬೆರಳಿನಷ್ಟು ಗಟ್ಟಿಯಾಗಿ ಉಳಿದಿದ್ದ ಒಂದೇ ತುಂಡನ್ನು ಹೆಕ್ಕಿ ತೆಗೆದರು. "ಸತ್ತಿರಲಿಲ್ಲ ಕಣೇ, ಮಲಗಿತ್ತು. ಮಲಗಿದವರಿಗೆ ಯಾರಾದರೂ ನೀರು ಕುಡಿಸುತ್ತಾರೆಯೇ?" ಎಂದರು, ಅಷ್ಟೇ. ಇಂದು ನಮ್ಮ ಹಿತ್ತಿಲಿನಲ್ಲಿರುವ ಗಿಡಗಳೆಲ್ಲ ಆ ತುಂಡಿನ ಸಂತಾನ.

ನೆಲಸಂಪಿಗೆಯು ಶುಂಠಿ, ಅರಿಶಿನಗಳ ಕುಟುಂಬಕ್ಕೆ ಸೇರಿದ ಬಹುವಾರ್ಷಿಕ ಸಸ್ಯ. ಸಂಸ್ಕೃತದಲ್ಲಿ ಇದು ಭೂಮಿಚಂಪಕ. 1753ರಲ್ಲಿ ಲಿನ್ನೇಯಸ್ ಇದಕ್ಕೆ 'ಕೆಂಫೇರಿಯಾ ರೊಟಂಡಾ' ಎಂಬ ಶಾಸ್ತ್ರೀಯ ನಾಮವನ್ನಿತ್ತನು; ಜಪಾನಿನಲ್ಲಿದ್ದು ಅಲ್ಲಿಯ ಸಸ್ಯಗಳನ್ನು ಕುರಿತು ಬರೆದ ಕೆಂಫರ್ ಎಂಬ ಜರ್ಮನ್ ವೈದ್ಯನ ನೆನಪು ಆ ಹೆಸರಿನಲ್ಲಿದೆ. ಬೇಸಿಗೆಯಲ್ಲಿ, ಎಲೆಯೊಂದೂ ಇಲ್ಲದ ಬರಿಯ ಮಣ್ಣನ್ನು ಸೀಳಿಕೊಂಡು ಹೂವು ಮೊದಲು ಬರುತ್ತದೆ. ಬಿಳಿಯ ಎಸಳುಗಳು, ಕೆಳಗೆ ಸೀಳಿದ ನೇರಿಳೆಯ ತುಟಿ, ಹಿತವಾದ ಪರಿಮಳ. ಬೆಳಗ್ಗೆ ಅರಳಿದ್ದು ಸಂಜೆಗೆ ಬಾಡುತ್ತದೆ. ಮರುದಿನ ಅದೇ ಬುಡದಿಂದ ಇನ್ನೊಂದು. ತೊಟ್ಟು ಮಣ್ಣಿನಲ್ಲಿಯೇ ಹುದುಗಿರುವುದರಿಂದ ಮಾಲೆ ಕಟ್ಟುವ ಆಸೆಯನ್ನು ಬಿಡಬೇಕು. ಮಳೆ ಹಿಡಿದ ಮೇಲೆ ಬರುವ ಎಲೆಗಳೂ ಚೆಲುವೇ: ಮೇಲೆ ಬೆಳ್ಳಿಬಣ್ಣದ ಚಿತ್ತಾರ, ಅಡಿಯಲ್ಲಿ ನೇರಿಳೆ.

ಮರಗಳ ಅಡಿಯಲ್ಲಿ ಬೆಳೆಯುವ ಗಿಡವಾದುದರಿಂದ ನಡುಹಗಲಿನ ಬಿಸಿಲು ಇದಕ್ಕಾಗದು. ಎಲೆಯ ಅಂಚು ಸುಟ್ಟಂತಾಗುತ್ತದೆ. ಮಾವಿನ ಮರದ ನೆರಳು ಅಥವಾ ಬೆಳಗಿನ ಎಳೆಬಿಸಿಲಷ್ಟೇ ತಾಗುವ ಜಗಲಿ ಸಾಕು. ನಮ್ಮ ಕಡೆಯ ಎರೆಮಣ್ಣನ್ನು ಹಾಗೆಯೇ ತುಂಬಬೇಡಿರಿ, ಅದು ನೀರನ್ನು ಹಿಡಿದಿಡುತ್ತದೆ. ಕೆಮ್ಮಣ್ಣು, ಮರಳು, ಕೊಳೆತ ತರಗೆಲೆಯ ಗೊಬ್ಬರಗಳನ್ನು ಸಮನಾಗಿ ಬೆರೆಸಿ, ತಳದಲ್ಲಿ ತೂತಿರುವ ಅಗಲವಾದ ಕುಂಡದಲ್ಲಿ ಗಡ್ಡೆಯನ್ನು ಎರಡು ಅಂಗುಲ ಆಳಕ್ಕೆ ಇಡಿರಿ. ಎಲೆಯಿರುವ ಕಾಲದಲ್ಲಿ ಮಣ್ಣು ತೇವವಾಗಿರಲಿ. ಮಳೆಗಾಲದಲ್ಲಿ ಬಸವನಹುಳುಗಳ ಕಾಟವುಂಟು. ರಾತ್ರಿ ದೀಪ ಹಿಡಿದು ಹೆಕ್ಕಿ ತೆಗೆಯುವುದೇ ನನಗೆ ತಿಳಿದ ಉತ್ತಮ ಉಪಾಯ.

ಎಲೆ ಹಳದಿಯಾಗತೊಡಗಿದಾಗ ನೀರನ್ನು ಕ್ರಮೇಣ ತಗ್ಗಿಸಿ, ಒಣಗಿದ ಮೇಲೆ ಪೂರ್ತಿ ನಿಲ್ಲಿಸಬೇಕು. ಗಡ್ಡೆಯ ಬೇರುಗಳ ತುದಿಯಲ್ಲಿ ಸಣ್ಣ ಉಂಡೆಗಳು ಜೋತಿರುತ್ತವೆ. ಬೇಸಿಗೆಯಲ್ಲಿ ಹೂವು ಬಿಡಲು ಬೇಕಾದ ನೀರು, ಆಹಾರಗಳು ಅವುಗಳಲ್ಲಿಯೇ ಸಂಗ್ರಹವಾಗಿವೆ. ಎಲೆಯಿಲ್ಲದ ಗಿಡ ನೀರನ್ನು ಬಳಸಲಾರದು; ನಾವು ಹೊಯ್ದದ್ದು ಅದನ್ನು ಕೊಳೆಸುತ್ತದೆ. ಆ ನಾಲ್ಕು ತಿಂಗಳು ಕುಂಡವನ್ನು ಮಳೆ, ನೀರು ತಾಗದ ಮೂಲೆಯಲ್ಲಿರಿಸಿ ಮರೆತುಬಿಡಿರಿ. ಗೊಬ್ಬರವೂ ಬೇಡ, ಬೆರಳಿಟ್ಟು ಕೆದಕುವುದೂ ಬೇಡ. ಈ ಸಹನೆ ನನಗೆ ಈಗಲೂ ಕಷ್ಟವೇ. ಮೊಗ್ಗಿನ ತುದಿ ಕಂಡ ದಿನ ಒಂದು ಲೋಟ ನೀರು ಹಾಕಿರಿ. ಎಲೆ ಬಂದಂತೆಲ್ಲ ಹೆಚ್ಚಿಸಿರಿ.

ಮೂರು ವರುಷಗಳಿಗೊಮ್ಮೆ, ಮೊಳಕೆಯೊಡೆಯುವ ಮುನ್ನ, ಗಡ್ಡೆಯನ್ನು ಬಿಡಿಸಿ ಹಂಚಬಹುದು. ಪ್ರತಿ ತುಂಡಿನಲ್ಲಿಯೂ ಒಂದು ಕಣ್ಣು ಮತ್ತು ಕೆಲವು ಉಂಡೆಗಳಿರಲಿ. ಕೊಯ್ದ ಜಾಗ ಒಣಗಿದ ಮೇಲೆ ನೆಡಿರಿ. ಇದಕ್ಕಾಗಿ ಕಾಡನ್ನು ಅಗೆಯುವುದು ಬೇಡ, ಬೆಳೆಸಿದವರಲ್ಲಿ ಕೇಳಿದರೆ ಸಂತೋಷದಿಂದಲೇ ಕೊಡುತ್ತಾರೆ. ಕಳೆದ ವರುಷ ಮಗಳ ಮನೆಗೆ ಒಂದು ಕುಂಡ ಕಳಿಸಿದಾಗ, "ಮೊಗ್ಗು ಕಾಣುವವರೆಗೆ ನೀರು ಬೇಡ, ಎಸೆಯಲೂ ಬೇಡ" ಎಂದು ಚೀಟಿ ಬರೆದು ಅಂಟಿಸಿದೆ. ಹುಣ್ಣಿಮೆಗೊಮ್ಮೆ ದೂರವಾಣಿಯಲ್ಲಿ ನೆನಪಿಸಿದ್ದೂ ಉಂಟು.