ದೆವ್ವದ ಪುಸ್ತಕ ಅಂದುಕೊಂಡಿದ್ದೆ

ಮೊನ್ನೆ ನಮ್ಮ ಡೊಂಬಿವಲಿಯ ಮನೆಯಲ್ಲಿ ಮಗಳ ಹಳೆಯ ಕಪಾಟು ಖಾಲಿ ಮಾಡುವಾಗ 'ಸೆಮೆಟರಿ ಬಾಯ್ಸ್' ಕೈಗೆ ಸಿಕ್ಕಿತು. ಏಡನ್ ಥಾಮಸ್ ಬರೆದ, 2020ರಲ್ಲಿ ಬಂದ ಇಂಗ್ಲಿಷ್ ಕಾದಂಬರಿ. ಹದಿಹರೆಯದವರಿಗೆಂದೇ ಬರೆದದ್ದು. 2021ರಲ್ಲಿ, ಕೊರೊನಾದ ಎರಡನೇ ಅಲೆಯಲ್ಲಿ ಮಗಳ ಜೀವದ ಗೆಳತಿ ತೀರಿಕೊಂಡ ಮೇಲೆ, ಅವಳು ಇದನ್ನೇ ಮತ್ತೆ ಮತ್ತೆ ಓದುತ್ತಿದ್ದಳು. "ಇರುವ ದುಃಖ ಸಾಲದು ಅಂತ ದೆವ್ವದ ಕತೆ ಬೇರೆಯಾ? ಅದನ್ನೆಲ್ಲ ಮರೆತು ಪರೀಕ್ಷೆಗೆ ಓದಿಕೋ" ಅಂತ ಬೈದಿದ್ದೆ. ಎಲ್ಲ ಅಮ್ಮಂದಿರೂ ಹೇಳುವ ಮಾತು ಬಿಡಿ...

ಈ ಸಲ ನಾನೇ ಓದಿದೆ. ಲೋಕಲ್ ರೈಲಿನಲ್ಲಿ, ಸೀಟು ಸಿಕ್ಕಿದ ದಿನ ಮಾತ್ರ!

ಕತೆ ನಡೆಯುವುದು ಲಾಸ್ ಏಂಜಲೀಸಿನಲ್ಲಿ. ಲ್ಯಾಟಿನ್ ಅಮೆರಿಕ ಮೂಲದ ಆ ಕುಟುಂಬದ ಮನೆ ಇರುವುದೇ ಸ್ಮಶಾನದೊಳಗೆ. ಇಲ್ಲೇ ಸಿಕ್ಕಿಕೊಂಡ ಆತ್ಮಗಳನ್ನು ಬಿಡಿಸಿ ಕಳಿಸುವುದು ಅಲ್ಲಿನ ಗಂಡಸರ ಕೆಲಸ. ಹದಿನಾರರ ಯಾಡ್ರಿಯಲ್‌ನನ್ನು ಹುಟ್ಟಿದಾಗ ಹೆಣ್ಣು ಅಂದಿದ್ದರು. ತಾನು ಹುಡುಗ ಅಂತ ಅವನಿಗೆ ಗೊತ್ತು, ಮನೆಯವರಿಗೆ ಅದು ಪೂರ್ತಿ ಗಂಟಲಲ್ಲಿ ಇಳಿದಿಲ್ಲ. ಹಾಗಾಗಿ ದೀಕ್ಷೆ ಕೊಡುವುದಿಲ್ಲ. ಅವನು ಬಂಧು ಹುಡುಗಿ ಮರಿಟ್ಜಾಳ ಜೊತೆ ಸೇರಿ ತಾನೇ ದೀಕ್ಷೆ ತೆಗೆದುಕೊಳ್ಳುತ್ತಾನೆ. ಸತ್ತ ಬಂಧು ಮಿಗೆಲ್‌ನ ಆತ್ಮವನ್ನು ಕರೆಯಹೋದರೆ ಎದುರಿಗೆ ಬಂದು ನಿಲ್ಲುವುದು ಜೂಲಿಯನ್ ಎಂಬ ಬೇರೆಯೇ ಹುಡುಗ. ಬಲು ಜಗಳಗಂಟ. ನನ್ನ ಗೆಳೆಯರು ಕ್ಷೇಮವಾಗಿದ್ದಾರಾ ಅಂತ ನೋಡದೆ ನಾನು ಹೋಗುವುದಿಲ್ಲ ಅಂತ ಕೂರುತ್ತಾನೆ. ಕಳಿಸಬೇಕಾದವನ ಮೇಲೇ ಯಾಡ್ರಿಯಲ್‌ಗೆ ಪ್ರೀತಿ ಹುಟ್ಟುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಪ್ರೇಮವಲ್ಲ (ನಡುವೆ ಕೆಂಪಾಗುವುದು, ನಿಟ್ಟುಸಿರು ಸ್ವಲ್ಪ ಜಾಸ್ತಿಯೇ ಆಯಿತು). ಆ ಕತೆಯಲ್ಲಿ ಒಂದು ನಿಯಮವಿದೆ. ಆತ್ಮ ಬಹಳ ದಿನ ಇಲ್ಲೇ ಉಳಿದರೆ ತಾನು ಯಾರೆಂಬುದು ಮರೆತು ಕ್ರೂರವಾಗುತ್ತದೆ. ಅಂದರೆ ಪ್ರೀತಿಯಿಂದ ಹಿಡಿದಿಟ್ಟುಕೊಂಡರೂ ಕೆಡುತ್ತದೆ. ಹಾಗಂತ ಸತ್ತವರು ಮನೆಗೆ ಬರಲೇಬಾರದೆಂದಿಲ್ಲ. ನವೆಂಬರ್ 1 ಮತ್ತು 2ರಂದು ಮೃತರ ಹಬ್ಬ. ಚೆಂಡುಹೂವು, ಅಡುಗೆ, ದೀಪ. ಯಾಡ್ರಿಯಲ್ ಸತ್ತ ಅಮ್ಮನ ದಾರಿ ಕಾಯುತ್ತಾನೆ. ಕಳಿಸುವುದು ಬೇರೆ, ಮರೆಯುವುದು ಬೇರೆ.

ನಾನು ಪುತ್ತೂರಿನ ಕಡೆಯವಳು. ಆಟಿ ತಿಂಗಳಲ್ಲಿ ಕುಲೆಗಳಿಗೆ ಬಾಳೆಲೆ ಹಾಕಿ ಬಡಿಸುವುದನ್ನು ನೋಡುತ್ತಲೇ ಬೆಳೆದವಳು. ನಮ್ಮಲ್ಲಿ ಎಳವೆಯಲ್ಲೇ ಹೋದ ಮಕ್ಕಳಿಗೆ ವಯಸ್ಸು ಬಂದಾಗ ಕುಲೆ ಮದಿಮೆಯೂ ನಡೆಯುತ್ತದೆ. 2024ರಲ್ಲಿ ಪುತ್ತೂರಿನ ಒಂದು ಮನೆಯವರು, ಮೂವತ್ತು ವರ್ಷದ ಹಿಂದೆ ತೀರಿಕೊಂಡ ಮಗಳಿಗೆ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿದ್ದರು. ವರನೂ ಸತ್ತವನೇ ಆಗಿರಬೇಕು. ಇಲ್ಲಿ ಆಫೀಸಿನಲ್ಲಿ ಅದನ್ನು ಓದಿ ಎಲ್ಲರೂ ನಕ್ಕರು. ನಾನೂ ನಕ್ಕೆ! ಮೂವತ್ತು ವರ್ಷ ಮಗಳ ವಯಸ್ಸು ಲೆಕ್ಕ ಹಾಕುತ್ತಾ ಕೂತ ಆ ತಾಯಿ ಆಗ ನನ್ನ ಕಣ್ಣಿಗೆ ಬೀಳಲಿಲ್ಲ.

ಇಂಥ ಹಿನ್ನೆಲೆಯವಳು ಮಗಳಿಗೆ ಕೊಟ್ಟದ್ದೇನು? "ಮರೆತುಬಿಡು" ಅನ್ನುವ ಒಂದು ಮಾತು. ಆ ಹುಡುಗಿಯ ಮುಖ ನೋಡಲೂ ಆಗಿರಲಿಲ್ಲ, ಫೋನಿನಲ್ಲಿ ನಂಬರ್ ಮಾತ್ರ ಉಳಿದಿತ್ತು. ಮಾತಾಡಲು ಜಾಗ ಸಿಗದವಳಿಗೆ ಈ ಪುಸ್ತಕ ಜಾಗ ಕೊಟ್ಟಿತು. ಇಂಥವನ್ನು ಪ್ರಾಯದ ಮಕ್ಕಳ ಹುಚ್ಚು ಅಂತ ನಾವು ತಳ್ಳಿಹಾಕುವುದು ತಪ್ಪು ಅನ್ನುವುದು ನನ್ನ ಅಭಿಪ್ರಾಯ.

ಒಂದು ತಕರಾರು ಮಾತ್ರ ಇದೆ. ಕೊನೆಯಲ್ಲಿ ಲೇಖಕರು ಓದುಗರ ಮೇಲೆ ವಿಪರೀತ ಕರುಣೆ ತೋರಿಸಿದ್ದಾರೆ. ಏನೆಂದು ಹೇಳಿದರೆ ಓದುವವರ ಮಜಾ ಹೋಗುತ್ತದೆ. ನಿಜವಾಗಿ ಕಳೆದುಕೊಂಡವರಿಗೆ ಅಂಥ ಕೊನೆ ಸಿಗುವುದಿಲ್ಲ.

ಅದನ್ನೇ ಮಗಳಿಗೆ ಫೋನ್ ಮಾಡಿ ಹೇಳಿದೆ. "ಅಮ್ಮ, ನೀನು ಅದನ್ನ ಓದಿದ್ಯಾ?" ಅಂದಳು. ಆಮೇಲೆ ನಾನು ಅವಳ ಗೆಳತಿಯ ಹೆಸರು ಹೇಳಿದೆ, ಅಂದಿನಿಂದ ಮೊದಲ ಸಲ. ಕುಕ್ಕರ್ ಐದಾರು ಸಲ ಕೂಗಿತು. ಅವಳು ಮಾತಾಡುತ್ತಲೇ ಇದ್ದಳು.