ನೆಲವೂ ಡೊಂಕಿರಬಹುದು
ಗಾದಿಗನೂರಿನ ಟೀ ಅಂಗಡಿಯಲ್ಲಿ ವಗ್ಗಾಣಿ-ಮಿರ್ಚಿ ಆರಿದರೂ ಆರ್‌ಸಿಬಿ ವಾದ ಆರುವುದಿಲ್ಲ. ‘ಕೊನೇ ಓವರ್‌ನ್ಯಾಗ ರನ್ ಸುರಿಯೋರನ್ನ ಸಾಗಹಾಕ್ಬೇಕಪ್ಪ’ ಅಂತ ಒಬ್ಬ. ‘ಹರ್ಷಲ್‌ನ ಬಿಟ್ಟು ಏನ್ ಗಳಿಸಿದ್ವಿ ಮಾವಾ?’ ಅಂತ ಇನ್ನೊಬ್ಬ. ಇಬ್ಬರ ಮಾತಿನಲ್ಲೂ ಹುರುಳಿದೆ. 2021ರಲ್ಲಿ ಡೆಲ್ಲಿಯಿಂದ ಟ್ರೇಡ್ ಆಗಿ ಬಂದ ಹರ್ಷಲ್ ಪಟೇಲ್ 32 ವಿಕೆಟ್ ಕಿತ್ತು ಪರ್ಪಲ್ ಕ್ಯಾಪ್ ತೊಟ್ಟರು. 2023ರಲ್ಲಿ ರನ್ ಸೋರತೊಡಗಿದ ಮೇಲೆ ತಂಡ ಕೈಬಿಟ್ಟಿತು. ಮರುವರ್ಷ ಪಂಜಾಬ್ ಪರ 24 ವಿಕೆಟ್, ತಲೆಗೆ ಮತ್ತದೇ ಕ್ಯಾಪ್! ಸಂತೆಯಲ್ಲಿ ಮಾರಿದ ಎತ್ತು ಪಕ್ಕದ ಹೊಲದಲ್ಲಿ ಜೋರಾಗಿ ಉತ್ತಂತಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ 2021ರ ಆ ಸುಗ್ಗಿಯಲ್ಲಿ ರನ್ ಹೊಳೆ ಹರಿಯುವ ತವರು ಮೈದಾನ ಚಿನ್ನಸ್ವಾಮಿಯಲ್ಲಿ ಒಂದೂ ಐಪಿಎಲ್ ಪಂದ್ಯ ನಡೆಯಲಿಲ್ಲ ಎನ್ನುವುದನ್ನು ನೆನೆದರೆ, ಬೌಲರನ್ನು ಬದಲಿಸುವ ಮುನ್ನ ನೆಲವನ್ನೂ ಒಮ್ಮೆ ನೋಡಬೇಕು.